ಕೀಬೋರ್ಡ್ ರೆಕಾರ್ಡಿಂಗ್ ಕಿಟ್‌ನಲ್ಲಿ ತಪ್ಪು ಕೇಬಲ್, ಫೋನಿನಲ್ಲಿ ಅಪಾಯದ ಸಲಹೆ: ಒಂದು ದೂರು ಪತ್ರ

ಇವರಿಂದ:
ಕೀಬೋರ್ಡ್ ವಾದ್ಯ ಕಲಿಸುವ ಮೂವರು ಗ್ರಾಹಕರು,
ಧಾರವಾಡ ಮತ್ತು ಹುಬ್ಬಳ್ಳಿ

ಇವರಿಗೆ:
ಕುಂದುಕೊರತೆ ಅಧಿಕಾರಿ,
ಗ್ರಾಹಕ ಸೇವಾ ವಿಭಾಗ

ವಿಷಯ: ಕಿಟ್‌ನಲ್ಲಿ ಕೊಟ್ಟ ಕೇಬಲ್ ಮತ್ತು ಕೈಪಿಡಿ ಎರಡೂ ತಪ್ಪಿರುವುದು, ಕೇಬಲ್ ಬದಲಿಸಿ ಕೊಡಬೇಕು, ಕೈಪಿಡಿ ತಿದ್ದಬೇಕು, ಅರ್ಥ್ ಪಿನ್ ತೆಗೆಯುವ ಸಲಹೆಯನ್ನು ಹಿಂದಕ್ಕೆ ಪಡೆಯಬೇಕು

ಮಾನ್ಯರೇ,

ಮನೆಯಲ್ಲೇ ಕೀಬೋರ್ಡನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಲು ನಿಮ್ಮ ಕಂಪನಿ ಮಾರುವ ಕಿಟ್ಟನ್ನು ನಾವು ಮೂವರು ಬೇರೆ ಬೇರೆ ಆರ್ಡರಿನಲ್ಲಿ ತರಿಸಿಕೊಂಡೆವು. ಎರಡು ಧಾರವಾಡದ ಮಾಳಮಡ್ಡಿಗೆ ಬಂದವು, ಒಂದು ಹುಬ್ಬಳ್ಳಿಯ ವಿದ್ಯಾನಗರಕ್ಕೆ. ಮೂರೂ ಡಬ್ಬಿಗಳಲ್ಲಿ ತಪ್ಪು ಒಂದೇ: ರೆಕಾರ್ಡಿಂಗಿನಲ್ಲಿ ಬಾಸು, ತಾಳ ಮಾಯ, ಹಿನ್ನೆಲೆಯಲ್ಲಿ ‘ಗುಂಯ್’ ಶಬ್ದ. ಮೂರು ಸಲ ದೂರು ಕೊಟ್ಟೆವು. ಮೂರು ಸಲವೂ ‘ಗ್ರಾಹಕರ ಮನೆಯ ಅರ್ಥಿಂಗ್ ಸರಿಯಿಲ್ಲ’ ಎಂದು ಬರೆದು ದೂರನ್ನು ಮುಚ್ಚಿದ್ದೀರಿ. ತಪ್ಪಿರುವುದು ನಮ್ಮ ಗೋಡೆಯ ಸಾಕೆಟ್ಟಿನಲ್ಲಲ್ಲ, ನಿಮ್ಮ ಡಬ್ಬಿಯೊಳಗಿನ ಕೇಬಲಿನಲ್ಲಿ. ಹಾಗೆಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ನಿಮ್ಮ ತಂತ್ರಜ್ಞರು ಇದನ್ನು ಒಮ್ಮೆ ಕೂತು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಡಬ್ಬಿಯಲ್ಲಿ ಇರುವುದು ಎರಡು ಇನ್‌ಪುಟ್‌ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ವಾದ್ಯದ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ), ಅದರ ಯುಎಸ್‌ಬಿ ವೈರು, ಎಂಟು ಪುಟದ ಕೈಪಿಡಿ, ಮತ್ತು 3 ಮೀಟರಿನ ಒಂದೇ ಒಂದು ಆಡಿಯೋ ಕೇಬಲ್. ಈ ಕೇಬಲಿನ ಎರಡೂ ತುದಿಗೆ 6.35 ಮಿಮೀ ಸ್ಟೀರಿಯೋ ಜ್ಯಾಕ್ ಇದೆ, ಅಂದರೆ ಎರಡು ಕಪ್ಪು ಉಂಗುರದ್ದು. ಕೈಪಿಡಿಯ 3ನೇ ಪುಟ ಹೇಳುವುದು ಇಷ್ಟು: ಕೇಬಲಿನ ಒಂದು ತುದಿಯನ್ನು ಕೀಬೋರ್ಡಿನ ಹೆಡ್‌ಫೋನ್ ತೂತಿಗೆ ಹಾಕಿ, ಇನ್ನೊಂದನ್ನು ಇಂಟರ್‌ಫೇಸಿನ ಇನ್‌ಪುಟ್ 1ಕ್ಕೆ ಹಾಕಿ, ರೆಕಾರ್ಡ್ ಒತ್ತಿ.

ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಹೆಡ್‌ಫೋನ್ ತೂತಿನಲ್ಲಿ ಜ್ಯಾಕಿನ ತುದಿಗೆ ಎಡಗಡೆಯ ದನಿ, ಎರಡು ಕಪ್ಪು ಉಂಗುರಗಳ ನಡುವಿನ ಲೋಹದ ಉಂಗುರಕ್ಕೆ ಬಲಗಡೆಯ ದನಿ, ಬುಡಕ್ಕೆ ಇವೆರಡರ ಸಾಮಾನ್ಯ ನೆಲ, ಅಂದರೆ ಗ್ರೌಂಡ್. ಆದರೆ ನಿಮ್ಮ ಇಂಟರ್‌ಫೇಸಿನ ಇನ್‌ಪುಟ್ 1 ಬ್ಯಾಲೆನ್ಸ್ಡ್ ಲೈನ್ ಇನ್‌ಪುಟ್. ಅದಕ್ಕೆ ಎಡ ಬಲ ಎಂಬ ಲೆಕ್ಕವೇ ಇಲ್ಲ. ತುದಿಯಲ್ಲಿ ಬಂದದ್ದರಿಂದ ಉಂಗುರದಲ್ಲಿ ಬಂದದ್ದನ್ನು ಕಳೆದು, ಉಳಿದದ್ದನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಉದ್ದ ವೈರಿನಲ್ಲಿ ಸೇರುವ ಗದ್ದಲವನ್ನು ಕೊಲ್ಲುವುದಕ್ಕೆ ಮಾಡಿದ ಒಳ್ಳೆಯ ಏರ್ಪಾಡು ಅದು. ಸ್ಟೀರಿಯೋ ಹೆಡ್‌ಫೋನ್ ದನಿಯನ್ನು ಅದಕ್ಕೆ ಉಣಿಸಿದರೆ, ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿ ಇರುವ ದನಿಯೆಲ್ಲ ಸೊನ್ನೆಯಾಗುತ್ತದೆ.

ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದನ್ನು ನಿಮ್ಮ ಕಚೇರಿಯಲ್ಲೇ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಯಾವುದೇ ಕೀಬೋರ್ಡಿನಲ್ಲಿ ಡ್ರಮ್ ಕಿಟ್ ಆರಿಸಿ, ನಿಮ್ಮ ಕೇಬಲನ್ನು ನಿಮ್ಮ ಕೈಪಿಡಿಯಂತೆಯೇ ಹಾಕಿ, ಕಿಕ್ ಡ್ರಮ್ಮಿನ ಕೀಲಿ ಒತ್ತಿ. ಮೀಟರು ಅಲುಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಪಕ್ಕದ ಟಾಮ್‌ ಎಂಬ ಸಣ್ಣ ಡ್ರಮ್ಮುಗಳ ಕೀಲಿ ಒತ್ತಿ, ಅವು ಎಡಬಲಕ್ಕೆ ಹಂಚಿರುವುದರಿಂದ ಚೆನ್ನಾಗಿ ಬರುತ್ತವೆ. ಈಗ ಬಾಸ್ ವಾಯ್ಸ್ ಹಾಕಿ, ಒಂದು ಸ್ವರ ಹಿಡಿಯಿರಿ. ಮೂಲ ಸ್ವರ ಮಾಯ, ಅದರ ರಿವರ್ಬ್, ಅಂದರೆ ಕೋಣೆಯ ಅನುರಣನದಂಥ ದನಿ, ಮಾತ್ರ ದೂರದ ಬಾವಿಯೊಳಗಿಂದ ಬಂದಂತೆ ಉಳಿಯುತ್ತದೆ, ಏಕೆಂದರೆ ರಿವರ್ಬ್ ಎರಡು ಕಡೆಗೂ ಬೇರೆ ಬೇರೆಯಾಗಿ ಇರುತ್ತದೆ. ಪಿಯಾನೋ ವಾಯ್ಸಿನಲ್ಲಿ ಕೆಳಗಿನ ಸಪ್ತಕ ಟೊಳ್ಳಾಗಿ, ತಗಡು ಬಡಿದಂತೆ ಕೇಳುತ್ತದೆ. ಭಾವಗೀತೆಗೋ ವಚನಕ್ಕೋ ಹಿಮ್ಮೇಳ ರೆಕಾರ್ಡ್ ಮಾಡಿ ಮಕ್ಕಳ ಅಭ್ಯಾಸಕ್ಕೆ ಕಳಿಸುವವರಿಗೆ ಬೇಕಾದದ್ದೇ ಆ ಬಾಸು ಮತ್ತು ಆ ತಾಳ. ನಿಮ್ಮ ಕೇಬಲ್ ಸರಿಯಾಗಿ ಆ ಎರಡನ್ನೇ ಅಳಿಸಿಹಾಕುತ್ತದೆ. ಸಾಲದ್ದಕ್ಕೆ ಹೆಡ್‌ಫೋನ್ ತೂತಿಗೆ ಜ್ಯಾಕ್ ಹಾಕಿದೊಡನೆ ಕೀಬೋರ್ಡಿನ ಸ್ಪೀಕರು ಬಂದ್ ಆಗುವುದರಿಂದ, ಹೊಸಬರಿಗೆ ಕೀಬೋರ್ಡೇ ಕೆಟ್ಟಿತೆಂಬ ಭಯ ಬೇರೆ.

ಮೊದಲ ಕರೆಯಲ್ಲಿ ನಿಮ್ಮವರು ಗೇನ್, ಅಂದರೆ ಒಳಬರುವ ದನಿಯನ್ನು ಹಿಗ್ಗಿಸುವ ಪ್ರಮಾಣ, ಏರಿಸಲು ಹೇಳಿದರು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ಗೇನ್ ಏರಿಸಿದಾಗ ಏರಿದ್ದು ಬುಸ್ ಎನ್ನುವ ಗದ್ದಲ ಮತ್ತು ಆ ಬಾವಿಯ ರಿವರ್ಬ್. ಎರಡನೆಯ ಕರೆಯಲ್ಲಿ ‘ಇನ್‌ಸ್ಟ್ರುಮೆಂಟ್’ ಗುಂಡಿ ಒತ್ತಲು ಹೇಳಿದರು. ದನಿ ಬಂತು, ನಿಜ. ‘ಪರಿಹಾರವಾಗಿದೆ’ ಎಂದು ಹೇಳಿಯೂ ಬಿಟ್ಟರು. ಆದರೆ ಆ ಗುಂಡಿ ಇರುವುದು ಎಲೆಕ್ಟ್ರಿಕ್ ಗಿಟಾರಿನ ಸಣ್ಣ ದನಿಗಾಗಿ. ಅದನ್ನು ಒತ್ತಿದಾಗ ನಿಮ್ಮ ಇನ್‌ಪುಟ್ ಉಂಗುರವನ್ನು ಬಿಟ್ಟು ತುದಿಯನ್ನಷ್ಟೇ ಓದುತ್ತದೆ. ಬಂದದ್ದು ಎಡಗಡೆಯ ದನಿ ಮಾತ್ರ, ಬಲಗಡೆಯದು ಪೂರಾ ಹೋಯಿತು. ಅದೂ ಗೇನ್ ಕನಿಷ್ಠಕ್ಕೆ ಇಳಿಸಿದರೂ ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಹಲವು ಸ್ವರ) ಜೋರಾಗಿ ಒತ್ತಿದರೆ ಕೆಂಪು ದೀಪ ಹತ್ತಿ ದನಿ ಒಡೆಯುತ್ತದೆ. ಇದನ್ನು ಪರಿಹಾರ ಎಂದು ನಾವು ಒಪ್ಪುವುದಿಲ್ಲ.

ಬೇಕಿದ್ದದ್ದು ಬೇರೆ ಕೇಬಲ್. ಒಂದು ತುದಿಗೆ ಒಂದು ಸ್ಟೀರಿಯೋ ಜ್ಯಾಕ್, ಇನ್ನೊಂದು ತುದಿಗೆ ಎರಡು ಮೋನೋ ಜ್ಯಾಕ್ (ಒಂದೇ ಕಪ್ಪು ಉಂಗುರದ್ದು) ಇರುವ ವೈ ಆಕಾರದ್ದು. ಎಡದ್ದು ಇನ್‌ಪುಟ್ 1ಕ್ಕೆ, ಬಲದ್ದು ಇನ್‌ಪುಟ್ 2ಕ್ಕೆ, ಎರಡೂ ಲೈನ್ ಮೋಡಿನಲ್ಲಿ, ಇನ್‌ಸ್ಟ್ರುಮೆಂಟ್ ಗುಂಡಿ ಆಫ್. ಎಡ ಬಲ ಪ್ರತ್ಯೇಕ ಲೈನ್ ಔಟ್ ಇರುವ ಕೀಬೋರ್ಡಾದರೆ ಎರಡು ಮೋನೋ ಕೇಬಲ್ ಸಾಕು. ಸಾಫ್ಟ್‌ವೇರಿನಲ್ಲಿ ಸ್ಟೀರಿಯೋ ಟ್ರ್ಯಾಕ್ ತೆರೆದು ಇನ್‌ಪುಟ್ 1–2 ಆರಿಸಬೇಕು. ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು, ಆಮೇಲೆ ಅತಿ ಜೋರಾದ ಭಾಗ ನುಡಿಸಿ ಮೀಟರಿನ ತುದಿ ಮೈನಸ್ 12 ಡಿಬಿ ಸುತ್ತ ನಿಲ್ಲುವಂತೆ ಗೇನ್ ಇಡಬೇಕು (ಮೀಟರಿನಲ್ಲಿ ಸೊನ್ನೆ ಎಂದರೆ ದನಿ ಒಡೆಯುವ ಗಡಿ, ಮೈನಸ್ ಹೆಚ್ಚಿದಷ್ಟೂ ದನಿ ಸಣ್ಣದು). 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಅದಕ್ಕಿಂತ ಮೇಲೆ ತಳ್ಳುವ ಅಗತ್ಯವಿಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ಕೊಂಡ ವೈ ಕೇಬಲಿನಿಂದ ನಿಮ್ಮ ಮೂರೂ ಇಂಟರ್‌ಫೇಸ್ ಪೂರ್ತಿ, ತುಂಬಿದ ದನಿ ಕೊಟ್ಟಿವೆ. ನಿಮ್ಮ ಇಂಟರ್‌ಫೇಸ್ ಒಳ್ಳೆಯದೇ ಇದೆ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಇನ್ನು ಆ ‘ಗುಂಯ್’ ಶಬ್ದದ ವಿಷಯ. ಸರಿಯಾದ ಕೇಬಲ್ ಹಾಕಿದ ಮೇಲೂ ಹಿನ್ನೆಲೆಯಲ್ಲಿ ಗುಂಯ್‌ಗುಟ್ಟುವಿಕೆ ಉಳಿಯಿತು, ಮತ್ತು ನಿಮ್ಮವರು ಪಟ್ಟು ಹಿಡಿದದ್ದು ಇದರ ಮೇಲೆಯೇ. ನಾವು ಅಳೆದದ್ದು ಹೀಗಿದೆ. ಕೀಬೋರ್ಡಿನ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಮೈನಸ್ 52 ಡಿಬಿಯಲ್ಲೇ ನಿಂತಿತು, ಆದ್ದರಿಂದ ಅದು ಕೀಬೋರ್ಡಿನ ದನಿಯ ಭಾಗವಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಮೈನಸ್ 81ಕ್ಕೆ ಬಿತ್ತು. ಚಾರ್ಜರ್ ಮತ್ತೆ ಹಾಕಿ, ಈ ಬಾರಿ ಕೀಬೋರ್ಡಿನ ಅಡಾಪ್ಟರ್ ತೆಗೆದು ಅದನ್ನು ಸೆಲ್ಲಿನ ಮೇಲೆ ಓಡಿಸಿದಾಗಲೂ ಅಷ್ಟೇ ಬಿತ್ತು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 1.4 ವೋಲ್ಟ್, ಇದು ಸರಿಯಾಗಿಯೇ ಇದೆ. ಅಂದರೆ ಅರ್ಥಿಂಗ್ ಇರುವುದರಿಂದಲೇ ಈ ದಾರಿ ಪೂರ್ತಿಯಾಗುತ್ತದೆ: ಕೀಬೋರ್ಡಿನ ಎರಡು ಪಿನ್ನಿನ ಅಡಾಪ್ಟರಿನಿಂದ ಸೋರುವ ಚಿಕ್ಕ ಕರೆಂಟು ಕೇಬಲಿನ ಹೊರಜಾಲರಿಯ ಮೂಲಕ ಇಂಟರ್‌ಫೇಸಿಗೆ, ಅಲ್ಲಿಂದ ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ, ಅಲ್ಲಿಂದ ಮೂರು ಪಿನ್ನಿನ ಚಾರ್ಜರಿನ ಮೂಲಕ ನೆಲಕ್ಕೆ ಹರಿಯುತ್ತದೆ. ಮೋನೋ ಕೇಬಲಿನಲ್ಲಿ ಆ ಜಾಲರಿಯೇ ದನಿಯ ಹಿಂದಿರುಗುವ ದಾರಿಯೂ ಆಗಿರುವುದರಿಂದ ಸೋರಿಕೆ ದನಿಯೊಳಗೆ ಬೆರೆಯುತ್ತದೆ. ಚಾರ್ಜರ್, ಅಡಾಪ್ಟರ್ ಎರಡರಲ್ಲಿ ಯಾವುದನ್ನು ಕಿತ್ತರೂ ಶಬ್ದ ನಿಲ್ಲುವುದು ಇದಕ್ಕೇ.

‘ಅಷ್ಟು ಸಣ್ಣ ಶಬ್ದ ಹಾಡಿನಲ್ಲಿ ಮುಚ್ಚಿಹೋಗುತ್ತದೆ’ ಎಂದೂ ಹೇಳಿದಿರಿ. ಮುಚ್ಚಿಹೋಗುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜಿನದು, ಗುಂಯ್‌ನಲ್ಲಿ ಅದರ ದುಪ್ಪಟ್ಟು 100 ಹರ್ಟ್ಜ್ ಗಟ್ಟಿಯಾಗಿ ಇರುತ್ತದೆ. ಬಿಳಿ ಒಂದರಲ್ಲಿ (ಸಿ ಕೀಲಿ) ಷಡ್ಜ ಇಟ್ಟು ತಂಬೂರಿ ವಾಯ್ಸ್ ಹಾಕಿದರೆ ಕೆಳಗಿನ ಪಂಚಮ 98 ಹರ್ಟ್ಜ್. ಪಕ್ಕದಲ್ಲೇ 100ರ ಗುಂಯ್. ಒಂದು ಕೀಲಿಯಿಂದ ಮುಂದಿನ ಕೀಲಿಗಿರುವ ಅಂತರದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಏರಿದ ಪಂಚಮ ಅದು, ಮತ್ತು ನಿಜವಾದ ಪಂಚಮದ ಜೊತೆ ಸೆಕೆಂಡಿಗೆ ಎರಡು ಸಲ ಮಿಡಿಯುತ್ತದೆ. ಕರಿ ಒಂದರಲ್ಲಿ (ಅದರ ಪಕ್ಕದ ಕಪ್ಪು ಕೀಲಿ) ಹಾಡುವವರಿಗೆ ಅದೇ ಗುಂಯ್ ತೀವ್ರ ಮಧ್ಯಮಕ್ಕೂ ಪಂಚಮಕ್ಕೂ ನಡುವೆ ಎಲ್ಲೋ ಬೀಳುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ಊರುಗಳಿವು. ಇಲ್ಲಿ ಹತ್ತು ವರ್ಷದ ಮಗುವೂ ತಂಬೂರಿಯ ಪಂಚಮ ಏರಿದ್ದನ್ನು ಕೂಡಲೇ ಹೇಳುತ್ತದೆ.

ಈ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮೂರನೆಯ ಕರೆಯಲ್ಲಿ ನಿಮ್ಮ ಸೇವಾ ಪ್ರತಿನಿಧಿ, ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್ ಪಿನ್ ಮುರಿದು ಹಾಕಿ ಅಥವಾ ಎರಡು ಪಿನ್ನಿನ ಕನೆಕ್ಟರಿಗೆ ಸಿಕ್ಕಿಸಿ ಬಳಸಿ, ಶಬ್ದ ನಿಲ್ಲುತ್ತದೆ ಎಂದರು. ಶಬ್ದ ನಿಲ್ಲುತ್ತದೆ ಎಂಬುದು ನಿಜ. ಆದರೆ ಆ ಪಿನ್ ಇರುವುದು ಶಬ್ದಕ್ಕಾಗಿ ಅಲ್ಲ, ಜೀವಕ್ಕಾಗಿ. ಚಾರ್ಜರಿನೊಳಗೆ ಏನಾದರೂ ಸುಟ್ಟು ಫೇಸ್ ವೈರು ಲ್ಯಾಪ್‌ಟಾಪಿಗೆ ಹೋಗುವ ವೈರಿಗೆ ತಾಗಿದರೆ, ಆ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಜು ಹಾರಿಸುವುದು ಆ ಪಿನ್. ಅದಿಲ್ಲದಿದ್ದರೆ ಅದೇ ಕರೆಂಟು ಲ್ಯಾಪ್‌ಟಾಪ್, ಇಂಟರ್‌ಫೇಸ್, ಕೇಬಲಿನ ಲೋಹದ ಜ್ಯಾಕು, ಹೆಡ್‌ಫೋನು ಹಾಕಿಕೊಂಡ ಮಗುವಿನ ತನಕ ಬಂದು ಕಾಯುತ್ತಿರುತ್ತದೆ. ಮಳೆಗಾಲದಲ್ಲಿ ಧಾರವಾಡದ ಹಳೆಯ ಮನೆಗಳ ಗೋಡೆ, ನೆಲ ಎರಡೂ ತಿಂಗಳುಗಟ್ಟಲೆ ತೇವ. ಅಲ್ಲಿ ಬರಿಗಾಲಲ್ಲಿ ಕೂತು ಅಭ್ಯಾಸ ಮಾಡುವ ಮಕ್ಕಳಿಗೆ ಇಂಥ ಸಲಹೆ ಕೊಡಬಾರದು. ಈ ಸಲಹೆಯನ್ನು ನೀವು ಇನ್ನೆಷ್ಟು ಜನರಿಗೆ ಕೊಟ್ಟಿದ್ದೀರೋ ಅವರೆಲ್ಲರಿಗೂ ಕರೆ ಮಾಡಿ ಹಿಂದಕ್ಕೆ ಪಡೆಯಬೇಕು.

ಪಿನ್ ಮುಟ್ಟದೆಯೇ ಗುಂಯ್ ನಿಲ್ಲಿಸುವ ದಾರಿ ನಿಮ್ಮ ಇಂಟರ್‌ಫೇಸಿನಲ್ಲೇ ಇದೆ. ಅದರ ಇನ್‌ಪುಟ್ ಬ್ಯಾಲೆನ್ಸ್ಡ್ ಇದೆಯಲ್ಲ, ಅದನ್ನು ಅದರ ಕೆಲಸಕ್ಕೇ ಬಳಸಿಕೊಳ್ಳಬೇಕು. ಎರಡು ಒಳತಂತಿ ಮತ್ತು ಜಾಲರಿ ಇರುವ ಮೈಕ್ ವೈರು ಎರಡು ತುಂಡು ಬೇಕು. ಕೀಬೋರ್ಡಿನ ಕಡೆ ಒಂದು ಸ್ಟೀರಿಯೋ ಜ್ಯಾಕ್: ಮೊದಲ ವೈರಿನ ಕೆಂಪು ತಂತಿ ತುದಿಗೆ, ಎರಡನೆಯ ವೈರಿನ ಕೆಂಪು ತಂತಿ ಉಂಗುರಕ್ಕೆ, ಎರಡೂ ವೈರಿನ ಬಿಳಿ ತಂತಿ ಮತ್ತು ಜಾಲರಿ ಎಲ್ಲವೂ ಬುಡಕ್ಕೆ. ಇಂಟರ್‌ಫೇಸಿನ ಕಡೆ ಪ್ರತಿ ವೈರಿಗೊಂದು ಸ್ಟೀರಿಯೋ ಜ್ಯಾಕ್: ಕೆಂಪು ತುದಿಗೆ, ಬಿಳಿ ಉಂಗುರಕ್ಕೆ, ಜಾಲರಿ ಬುಡಕ್ಕೆ. ಈಗ ಸೋರಿಕೆ ಕರೆಂಟು ಜಾಲರಿಯಲ್ಲಿ ಹರಿದುಹೋಗುತ್ತದೆ. ಬಿಳಿ ತಂತಿ ಕೀಬೋರ್ಡಿನ ನೆಲ ಎಲ್ಲಿದೆ ಎಂಬುದನ್ನಷ್ಟೇ ಇನ್‌ಪುಟ್ಟಿಗೆ ತಿಳಿಸುತ್ತದೆ, ಇನ್‌ಪುಟ್ ಅದನ್ನು ಕಳೆದುಹಾಕುತ್ತದೆ. ಹೀಗೆ ಬೆಸುಗೆ ಹಾಕಿದ ಕೇಬಲಿನಿಂದ ಎರಡೂ ಅಡಾಪ್ಟರ್ ಹಾಕಿಕೊಂಡೇ ಗುಂಯ್ ಮೈನಸ್ 78 ಡಿಬಿಗೆ ಇಳಿಯಿತು. ಹುಬ್ಬಳ್ಳಿಯ ಘಟಕದಲ್ಲಿ ಇದ್ದ 1,000 ಹರ್ಟ್ಜಿನ ಸಣ್ಣ ಸಿಳ್ಳೆಯೂ, ಅಂದರೆ ಮಿಲಿಸೆಕೆಂಡಿಗೊಮ್ಮೆ ನಡೆಯುವ ಯುಎಸ್‌ಬಿ ಸಂವಹನದ ಸದ್ದೂ, ಜೊತೆಗೇ ಹೋಯಿತು. ಬೆಸುಗೆ ಬೇಡವೆನ್ನುವವರಿಗೆ ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್ಲಿನ ಡಿಐ ಬಾಕ್ಸ್, ಅಂದರೆ ವಾದ್ಯದ ದನಿಯನ್ನು ಬ್ಯಾಲೆನ್ಸ್ಡ್ ಮಾಡಿ ಕೊಡುವ ಪೆಟ್ಟಿಗೆ, ಅದೇ ಕೆಲಸ ಮಾಡುತ್ತದೆ.

ಕೈಪಿಡಿಯಲ್ಲಿ ಇನ್ನೆರಡು ತಪ್ಪುಗಳಿವೆ. 5ನೇ ಪುಟದಲ್ಲಿ ಕೀಬೋರ್ಡಿನ ಯುಎಸ್‌ಬಿ ವೈರನ್ನು ನೇರ ಕಂಪ್ಯೂಟರಿಗೆ ಹಾಕಿದರೂ ದನಿ ರೆಕಾರ್ಡ್ ಆಗುತ್ತದೆ ಎಂದಿದೆ. ಬಹಳಷ್ಟು ಕೀಬೋರ್ಡುಗಳಲ್ಲಿ ಆ ವೈರಿನಲ್ಲಿ ಹೋಗುವುದು ಮಿಡಿ ಮಾತ್ರ: ಯಾವ ಕೀಲಿ, ಎಷ್ಟು ಜೋರು, ಯಾವಾಗ ಬಿಟ್ಟರು ಎಂಬ ಲೆಕ್ಕ. ದನಿ ಅದರಲ್ಲಿ ಇಲ್ಲ. ಯುಎಸ್‌ಬಿಯಲ್ಲೇ ಆಡಿಯೋ ಕಳಿಸುವ ಮಾದರಿಗಳೂ ಉಂಟು, ಅದನ್ನು ಬಿಡಿಸಿ ಹೇಳಬೇಕು. 6ನೇ ಪುಟ ಬಫರನ್ನು, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ಕೂಡಿಸಿಕೊಳ್ಳುವ ದನಿಯ ಮಾದರಿಗಳ ಎಣಿಕೆಯನ್ನು, 1024ರಲ್ಲಿ ಇಡಲು ಹೇಳುತ್ತದೆ. ಸೆಕೆಂಡಿಗೆ 44,100 ಮಾದರಿಯ ದರದಲ್ಲಿ ಅದು ಹೋಗಲು 23, ಬರಲು 23 ಮಿಲಿಸೆಕೆಂಡು. ಕೀಲಿ ಒತ್ತಿದ್ದಕ್ಕೂ ಕಿವಿಗೆ ಬಿದ್ದದ್ದಕ್ಕೂ ಅಷ್ಟು ಅಂತರವಿದ್ದರೆ ದ್ರುತ್ ಲಯದಲ್ಲಿ ನುಡಿಸಲು ಆಗುವುದಿಲ್ಲ. ನುಡಿಸುವಾಗ 128, ಮಿಕ್ಸ್ ಮಾಡುವಾಗ 1024 ಎಂದು ಬರೆಯಿರಿ. ಇಂಟರ್‌ಫೇಸಿನ ಮುಂದೆಯೇ ಇರುವ, ನುಡಿಸಿದ್ದನ್ನು ಕಂಪ್ಯೂಟರು ಸುತ್ತಿಸದೆ ನೇರ ಕೇಳಿಸುವ ಡೈರೆಕ್ಟ್ ಮಾನಿಟರ್ ಗುಂಡಿಯ ಬಗ್ಗೆ ಕೈಪಿಡಿಯಲ್ಲಿ ಒಂದಕ್ಷರವೂ ಇಲ್ಲ. ಅದನ್ನು ಒತ್ತಿ ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿದರೆ ಈ ವಿಳಂಬವೇ ಕೇಳುವುದಿಲ್ಲ.

ನಾವು ಹಣ ವಾಪಸು ಕೇಳುತ್ತಿಲ್ಲ. ಮೂವರಿಗೂ, ಮತ್ತು ಈ ಕಿಟ್ ಕೊಂಡ ಎಲ್ಲರಿಗೂ, ಮೇಲೆ ಬರೆದಂತೆ ಕಟ್ಟಿದ ವೈ ಕೇಬಲನ್ನು ಉಚಿತವಾಗಿ ಕಳಿಸಿ. 3, 5, 6ನೇ ಪುಟಗಳನ್ನು ತಿದ್ದಿ, ಕನ್ನಡದಲ್ಲೂ ಅಚ್ಚು ಹಾಕಿ. ಅರ್ಥ್ ಪಿನ್ ತೆಗೆಯಬಾರದು ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ನಮ್ಮ ಮೂರು ದೂರುಗಳ ಮೇಲಿನ ‘ಅರ್ಥಿಂಗ್ ದೋಷ’ ಎಂಬ ಷರಾ ಅಳಿಸಿ, ನಿಜವಾದ ಕಾರಣ ದಾಖಲಿಸಿ.

ಇ-ಕಾಮರ್ಸ್ ಕುರಿತ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆ ಅವಧಿ ಮುಗಿದರೆ 1915 ಗ್ರಾಹಕ ಸಹಾಯವಾಣಿಗೆ, ಅಲ್ಲಿಂದ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಕಾಯ್ದೆಯಂತೆ ಗ್ರಾಹಕ ವಾಸವಿರುವ ಊರಿನಲ್ಲೇ ದಾವೆ ಹೂಡಬಹುದು. ಬಿಲ್ಲಿನ ಪ್ರತಿ, ನಿಮ್ಮ ಕೇಬಲಿನಲ್ಲೂ ಸರಿಯಾದ ಕೇಬಲಿನಲ್ಲೂ ನುಡಿಸಿದ ಒಂದೇ ಭಾಗದ ಎರಡು ರೆಕಾರ್ಡಿಂಗ್, ಮತ್ತು ಬೆಸುಗೆಯ ನಕ್ಷೆ ಈ ಪತ್ರದ ಜೊತೆಗಿವೆ. ರೆಕಾರ್ಡಿಂಗನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬಾಸು ಅಲ್ಲಿ ಹೇಗೂ ಬರುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿ.

ಇಂತಿ ನಿಮ್ಮ ಗ್ರಾಹಕರು,
ಧಾರವಾಡ (ಇಬ್ಬರು), ಹುಬ್ಬಳ್ಳಿ (ಒಬ್ಬರು)