ಟ್ಯೂನರ್ ಹಾಕುವುದನ್ನು ನಿಲ್ಲಿಸಿದ್ದೇವೆ: ನಮ್ಮ ಪಿಕಪ್ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಈ ತಿಂಗಳ 1ನೇ ತಾರೀಖಿನಿಂದ ನಮ್ಮ ವರ್ಕ್‌ಶಾಪ್‌ನಲ್ಲಿ ಡೀಸೆಲ್ ಪಿಕಪ್‌ಗಳಿಗೆ ಪವರ್ ಏರಿಸುವ ಟ್ಯೂನಿಂಗ್ ಬಾಕ್ಸ್ ಕೂರಿಸುವುದನ್ನು ನಿಲ್ಲಿಸಿದ್ದೇವೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ ಫೈಲ್ ಬದಲಿಸುವ ರೀಮ್ಯಾಪ್ ಕೂಡ ಇಲ್ಲ. ಹೊಗೆಯ ನಿಯಮ ಹಳೆಯ ಬಿಎಸ್4 ಇರಲಿ, ಈಗಿನ ಬಿಎಸ್6 ಇರಲಿ, ಎಷ್ಟೇ ಹಳೆಯ ಗಿರಾಕಿ ಇರಲಿ, ಹಾಕುವುದಿಲ್ಲ. ಈಗಾಗಲೇ ನಮ್ಮಲ್ಲಿ ಹಾಕಿಸಿಕೊಂಡವರ ಗಾಡಿಯನ್ನು ಕಂಪನಿ ಸೆಟ್ಟಿಂಗ್‌ಗೆ ವಾಪಸ್ ತಂದು ಕೊಡುತ್ತೇವೆ. ಅದಕ್ಕೆ ಒಂದು ಪೈಸೆ ಕೂಲಿ ಇಲ್ಲ. ಜತೆಗೆ ಮಾಡುವ ಎಂಜಿನ್ ಚೆಕಪ್‌ಗೆ 2,400 ರೂಪಾಯಿ ಇದೆ.

ಬಾಗಿಲಲ್ಲಿ ಬೋರ್ಡ್ ಹಾಕಿದ ದಿನದಿಂದ ಈ 2,400ರ ಬಗ್ಗೆ, ತೆಗೆಯಲಿಕ್ಕೂ ರೊಕ್ಕ ಕೇಳುತ್ತಾರೆ ಎಂದು ಬಹಳ ಮಾತು ಕೇಳಿದ್ದೇವೆ. ಕೆಲವು ಮಾತು ಮನಸ್ಸಿಗೆ ಹತ್ತಿವೆ. ಎದುರು ಬಂದವರಿಗೆಲ್ಲ ಬಿಡಿಸಿ ಹೇಳಲು ಕೆಲಸದ ಮಧ್ಯೆ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪು. ಶುರುವಿನ ಎರಡು ವರ್ಷ ನಾವು ಬಾಕ್ಸ್ ಹಾಕಿ, ಗೋಕುಲ ರಸ್ತೆಯಲ್ಲಿ ಒಂದು ಸುತ್ತು, ಧಾರವಾಡ ಬೈಪಾಸ್‌ನಲ್ಲಿ ಒಂದು ಸುತ್ತು ಓಡಿಸಿ ನೋಡಿ ಕೊಟ್ಟುಬಿಡುತ್ತಿದ್ದೆವು. ಗಾಡಿ ಎಳೆಯುತ್ತಿತ್ತು, ಗಿರಾಕಿ ಖುಷಿಯಾಗುತ್ತಿದ್ದರು. ಆದರೆ ಅದು ಖಾಲಿ ಗಾಡಿ. ಲೋಡ್ ಹಾಕಿ, ಏರು ಹತ್ತಿಸಿ, ಸೈಲೆನ್ಸರ್‌ಗೆ ಹೋಗುವ ಹೊಗೆ ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯಬೇಕಿತ್ತು. ಅಳೆಯಲಿಲ್ಲ. ಬಾಕ್ಸ್ ಮಾರಿದವರು ಹೇಳಿದ್ದನ್ನು ನಂಬಿದೆವು. ‘ಮೈಲೇಜ್ ಕೂಡ ಜಾಸ್ತಿ ಬರುತ್ತದೆ’ ಎಂದು ನಿಮಗೂ ಹೇಳಿದೆವು. ಆ ಮಾತಿಗೆ ಕ್ಷಮೆ ಕೇಳುತ್ತೇವೆ.

ಮೈಲೇಜ್ ವಿಷಯ ಹೀಗಿದೆ. ಬಾಕ್ಸ್, ಡೀಸೆಲ್‌ನ ಒತ್ತಡ ಅಳೆಯುವ ರೇಲ್ ಪ್ರೆಶರ್ ಸೆನ್ಸರ್‌ಗೂ ಇಸಿಯುಗೂ ನಡುವೆ ಕೂರುತ್ತದೆ. ಒಳಗೆ 1,400 ಬಾರ್ ಒತ್ತಡ ಇದ್ದರೆ ಅದು 1,250 ಎಂದು ಸುಳ್ಳು ಹೇಳುತ್ತದೆ. ಪಾಪ, ಇಸಿಯು ಅದನ್ನು ನಂಬಿ ಇನ್ನಷ್ಟು ಒತ್ತಡ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತು ಅಷ್ಟೇ, ಒಳಗೆ ಬೀಳುವ ಡೀಸೆಲ್ ಜಾಸ್ತಿ. ಎಷ್ಟು ಡೀಸೆಲ್ ಹೋಯಿತು ಎನ್ನುವ ಲೆಕ್ಕವೂ ಇಸಿಯು ಹತ್ತಿರವೇ ಇರುತ್ತದೆ. ಅದೂ ತಪ್ಪುತ್ತದೆ. ಹಾಗಾಗಿ ಮೀಟರ್ ಮೇಲೆ ಕಾಣುವ ಮೈಲೇಜ್ ಏರಿದಂತೆ ತೋರುತ್ತದೆ, ಬಂಕ್‌ನಲ್ಲಿ ಕೊಡುವ ರೊಕ್ಕ ಇಳಿಯುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟು ಲೆಕ್ಕ ಹಾಕಿದವರು ಇದನ್ನು ನಮಗಿಂತ ಮೊದಲೇ ಕಂಡುಹಿಡಿದರು. ನಿಧಾನಕ್ಕೆ ಓಡಿಸುವವರಿಗೆ ಗೇರ್ ಇಳಿಸುವುದು ತುಸು ಕಡಿಮೆಯಾಗಿ ಲಾಭ ಆಗಿದ್ದೂ ಇದೆ. ಆದರೆ ಪವರ್ ಸಿಕ್ಕ ಮೇಲೆ ನಿಧಾನಕ್ಕೆ ಓಡಿಸುವವರು ಎಷ್ಟು ಜನ?

ನಮ್ಮ ಕಣ್ಣು ತೆರೆಸಿದ್ದು ಅರಬೈಲ್ ಘಾಟ್. ಅಂಕೋಲಾದಿಂದ ಹುಬ್ಬಳ್ಳಿಗೆ ಮೀನು ತರುವ ನಮ್ಮ ಗಿರಾಕಿಯೊಬ್ಬರ ಗಾಡಿ, 2.5 ಲೀಟರ್ ಕಾಮನ್ ರೇಲ್ ಎಂಜಿನ್, ನಾವೇ ಹಾಕಿದ ಬಾಕ್ಸ್. ಟರ್ಬೊಗಿಂತ ಮುಂಚೆ, ಬಿಸಿ ಹೊಗೆ ಬರುವ ಮ್ಯಾನಿಫೋಲ್ಡ್‌ಗೆ ತೂತು ಹೊಡೆದು ಶಾಖ ಅಳೆಯುವ ಥರ್ಮೊಕಪಲ್ ಕೂರಿಸಿದೆವು. ಮೀಟರನ್ನು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಚ್ಚಿ ಅಂಟಿಸಿದೆವು. ಬೆಳಗಿನ ಜಾವ. ಹಿಂದೆ ಐಸ್ ತುಂಬಿದ ಕ್ರೇಟುಗಳು. ಸಪಾಟು ರಸ್ತೆಯಲ್ಲಿ 420, 450 ಡಿಗ್ರಿ ಇತ್ತು. ಘಾಟ್ ಹತ್ತತೊಡಗಿದ ಮೇಲೆ 600 ದಾಟಿತು. ಇನ್ನೂ ಮೂರು ತಿರುವಿಗೆ 700. ಮುಂದೆ ಒಂದು ಲಾರಿ ಕುಂಟುತ್ತಾ ಹೋಗುತ್ತಿತ್ತು. ಅದನ್ನು ದಾಟಲು ಡ್ರೈವರ್ ಪೂರ್ತಿ ಒತ್ತಿದರು. ಮೀಟರ್ 790 ತೋರಿಸಿತು. ನಮ್ಮ ಹುಡುಗ ‘ಕಾಲು ತೆಗೀರಿ, ಕಾಲು ತೆಗೀರಿ’ ಎಂದು ಕೂಗಿಬಿಟ್ಟ. ಮರುದಿನ ಬಾಕ್ಸ್ ಕಳಚಿ, ಅಷ್ಟೇ ಲೋಡ್ ಹಾಕಿ, ಅದೇ ಘಾಟ್ ಹತ್ತಿಸಿದೆವು. 680ರ ಮೇಲೆ ಹೋಗಲಿಲ್ಲ.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಕೆಳಗಿನಿಂದ ಆಯಿಲ್ ಚಿಮ್ಮುತ್ತದೆ, ಪ್ರತಿ ಸುತ್ತಿಗೂ ಹೊಸ ಗಾಳಿ ಒಳಗೆ ಬರುತ್ತದೆ, ಅದರಿಂದ ಅದು ಬದುಕಿಕೊಂಡಿರುತ್ತದೆ. ಬಿಸಿ ಜಾಸ್ತಿಯಾದದ್ದು ಅರ್ಧ ನಿಮಿಷ ಆದರೆ ತಾಳಿಕೊಳ್ಳಬಹುದು. ವಾರಕ್ಕೆ ಆರು ದಿನ ಅದೇ ಘಾಟ್ ಆದರೆ? ಮುಂಡರಗಿ ಕಡೆಯ ಗ್ರಾಹಕರೊಬ್ಬರ ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್‌ನ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಅದಕ್ಕೂ ನಾವೇ ಬಾಕ್ಸ್ ಹಾಕಿದ್ದು. ಓವರ್‌ಹಾಲ್ ಬಿಲ್‌ನಲ್ಲಿ ಅರ್ಧ ನಾವು ಹೊತ್ತೆವು. ಅವರು ಇವತ್ತಿಗೂ ನಮ್ಮಲ್ಲೇ ಸರ್ವಿಸ್ ಮಾಡಿಸುತ್ತಾರೆ. ಅವರ ದೊಡ್ಡ ಮನಸ್ಸು.

‘ಕಂಪನಿಯವರು ಪವರ್ ಮುಚ್ಚಿಟ್ಟಿದ್ದಾರೆ’ ಎಂದು ಬಹಳ ಜನ ಹೇಳುತ್ತೀರಿ. ಬೊಲೆರೊ ಪಿಕಪ್‌ನಲ್ಲಿ 2.5 ಲೀಟರ್‌ಗೆ ಸುಮಾರು 75 ಹಾರ್ಸ್‌ಪವರ್, ಹಳೆಯ ವಿ-ಕ್ರಾಸ್‌ನಲ್ಲಿ ಅಷ್ಟೇ ಅಳತೆಯ ಎಂಜಿನ್‌ಗೆ 134. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಎಲ್ಲೂ ಹೋಗಿಲ್ಲ. ಟರ್ಬೊ ಬೇರೆ, ಕ್ಲಚ್ ಬೇರೆ, ಗೇರ್‌ಬಾಕ್ಸ್ ಬೇರೆ, ಮಾಡುವ ಕೆಲಸವೂ ಬೇರೆ. ಒಂದು ಏಪ್ರಿಲ್ ಬಿಸಿಲಿನಲ್ಲಿ ರೋಣದಿಂದ ಉಳ್ಳಾಗಡ್ಡಿ ಹೇರಿಕೊಂಡು ಬರಬೇಕು, ಪೇಪರ್ ಮೇಲೆ ಬರೆದದ್ದಕ್ಕಿಂತ ಜಾಸ್ತಿಯೇ ಹೇರಿಕೊಂಡು ಬರಬೇಕು, ಹತ್ತು ವರ್ಷ ಬರಬೇಕು. ಕಂಪನಿಯವರು ಬಿಟ್ಟ ಆ ಜಾಗ ಬಿಸಿಲಿಗೆ, ಓವರ್‌ಲೋಡ್‌ಗೆ, ಕೆಟ್ಟ ಡೀಸೆಲ್‌ಗೆ ಬಿಟ್ಟದ್ದು. ಹೇರಿಕೆ ಕಡಿಮೆ ಮಾಡದೆ ಆ ಜಾಗವನ್ನೂ ನಾವು ತಿಂದುಬಿಟ್ಟರೆ ಏನು ಉಳಿಯಿತು?

ಇನ್ನು ಬಿಎಸ್6. 2020ರ ಏಪ್ರಿಲ್ ನಂತರದ ಗಾಡಿಗಳು ಈಗ ವಾರಂಟಿ ಮುಗಿಸಿಕೊಂಡು ನಮ್ಮ ಹತ್ತಿರ ಬರುತ್ತಿವೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಗಾಡಿಗೆ ಜಾಸ್ತಿ ಡೀಸೆಲ್ ಕೊಟ್ಟರೆ ಜಾಸ್ತಿ ಮಸಿ. ಮಸಿ ಸುಡಲು ಗಾಡಿ ಪದೇ ಪದೇ ರೀಜನರೇಷನ್‌ಗೆ ಹೋಗುತ್ತದೆ. ಊರೊಳಗೆ ಎಪಿಎಂಸಿ, ದುರ್ಗದಬೈಲ್ ಎಂದು ಸಣ್ಣ ಸಣ್ಣ ಟ್ರಿಪ್ ಹೊಡೆಯುವವರಿಗೆ ಅದು ಅರ್ಧಕ್ಕೇ ನಿಲ್ಲುತ್ತದೆ. ಆಗ ಮಸಿ ಸುಡಲೆಂದು ಹೆಚ್ಚಿಗೆ ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆಗುಂಟ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಹೋದ ತಿಂಗಳು ಒಂದು ಗಾಡಿಯ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ‘ಆಯಿಲ್ ಕುಡಿಯೋದೇ ಇಲ್ಲ, ಗಾಡಿ ಮಸ್ತ್ ಅದ’ ಎಂದು ಅವರು ಖುಷಿಯಲ್ಲಿದ್ದರು.

ಡಿಪಿಎಫ್ ಕಿತ್ತು ಹಾಕಿ, ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್‌ಗೆ ಕಳಿಸುವ ಇಜಿಆರ್ ಮುಚ್ಚಿ ಎಂದು ಕೇಳುವವರಿಗೆ ಮೊದಲಿನಿಂದಲೂ ಇಲ್ಲ ಎಂದಿದ್ದೇವೆ. ಈಗಲೂ ಇಲ್ಲ. ಬೇರೆ ಕಡೆ ಮಾಡಿಕೊಡುತ್ತಾರೆ ಎಂದು ಹೇಳುತ್ತೀರಿ, ಇರಬಹುದು. ಕರಿ ಹೊಗೆ ಬಂದರೆ ಪವರ್ ಬಂತು ಎಂದು ಹುಡುಗರು ವಿಡಿಯೊ ತೋರಿಸುತ್ತಾರೆ. ಆ ಹೊಗೆ ಪೂರ್ತಿ ಸುಡದ ಡೀಸೆಲ್. ಅದು ನಿಮ್ಮದೇ ರೊಕ್ಕ.

ಕಾನೂನಿನ ಮಾತನ್ನೂ ನಾವು ಮೊದಲೇ ಹೇಳಬೇಕಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ ಇದೆ. 2019ರ ತಿದ್ದುಪಡಿಯಲ್ಲಿ 182ಎ ಬಂತು. ಒಪ್ಪಿಗೆ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಬೀಳುವುದು ಗಾಡಿಯ ಮಾಲೀಕರ ಮೇಲೆ. ಅಂದರೆ ನಿಮ್ಮ ಮೇಲೆ. ಅಪಘಾತ ಆದಾಗ ಹೇಳದೆ ಮಾಡಿಸಿದ ಮಾರ್ಪಾಡು ಕಂಡರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯಲು ಅದೊಂದೇ ಸಾಕು. ರೊಕ್ಕ ತಗೊಂಡು ಕೆಲಸ ಮಾಡಿದವರು ನಾವು, ಕೋರ್ಟಿಗೆ ಅಲೆಯುವವರು ನೀವು. ಇದು ಸರಿ ಕಾಣಲಿಲ್ಲ.

ಈಗ ಆ ದೂರಿಗೆ ಬರುತ್ತೇವೆ. ‘ಹಾಕುವಾಗಲೂ ರೊಕ್ಕ, ತೆಗೆಯುವಾಗಲೂ ರೊಕ್ಕ. ಲ್ಯಾಪ್‌ಟಾಪ್ ಚುಚ್ಚಿ ಹತ್ತು ನಿಮಿಷದ ಕೆಲಸ.’ ಇದನ್ನು ಗದಗದಲ್ಲಿ ಕೇಳಿದ್ದೇವೆ, ಹಾವೇರಿಯಲ್ಲಿ ಕೇಳಿದ್ದೇವೆ, ನಮ್ಮ ಅಂಗಡಿ ಮುಂದಿನ ಚಹಾದ ಗಾಡಿಯಲ್ಲೇ ಕೇಳಿದ್ದೇವೆ.

ಫೈಲ್ ವಾಪಸ್ ಬರೆಯುವುದಕ್ಕೆ ರೊಕ್ಕ ಇಲ್ಲ, ಇದು ಇನ್ನೊಮ್ಮೆ ಹೇಳುತ್ತೇವೆ. ಆದರೆ ನಮಗೆ ಅದು ಪುಕ್ಕಟೆ ಅಲ್ಲ. ಫೈಲ್ ಬರೆಯುವ ಟೂಲ್ ಇಟಲಿಯದು. ಅದರ ಸಬ್‌ಸ್ಕ್ರಿಪ್ಷನ್ ವರ್ಷ ವರ್ಷ ಯೂರೋ ಲೆಕ್ಕದಲ್ಲಿ ಕಟ್ಟಬೇಕು. ಯೂರೋ ಏರಿದ ವರ್ಷಗಳಲ್ಲೂ ನಾವು ನಿಮ್ಮ ರೇಟ್ ಏರಿಸಲಿಲ್ಲ. ಇನ್ನು ಟ್ಯೂನಿಂಗ್‌ನಿಂದ ಬರುವ ಆದಾಯವೇ ಇಲ್ಲ. ಆದರೂ ಇನ್ನೊಂದು ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟಿದ್ದೇವೆ. ನಿಮ್ಮ ಫೈಲ್ ವಾಪಸ್ ಬರೆಯಲಿಕ್ಕೆ ಮಾತ್ರ. ಬರೆಯುವಾಗ ಬ್ಯಾಟರಿ ವೋಲ್ಟೇಜ್ ಇಳಿದರೆ ಇಸಿಯು ಅಲ್ಲೇ ಸತ್ತ ಹಾಗೆ. ಅದಕ್ಕೆ ಸ್ಟೆಬಿಲೈಸರ್ ಬೇಕು, ಯುಪಿಎಸ್ ಬೇಕು, ಪಕ್ಕದಲ್ಲಿ ಒಬ್ಬ ಕೈ ಕಟ್ಟಿಕೊಂಡು ನಿಂತಿರಬೇಕು. ಹತ್ತು ನಿಮಿಷ ಎಂದು ಕಾಣುವುದು ಆ ಸ್ಕ್ರೀನ್ ಮೇಲಿನ ಗೆರೆ ಮಾತ್ರ.

2,400 ಇರುವುದು ಚೆಕಪ್‌ಗೆ. ಫೈಲ್ ಹಳೆಯದಾದ ಮಾತ್ರಕ್ಕೆ ಸವೆದ ಇಂಜೆಕ್ಟರ್ ಹೊಸದಾಗುತ್ತದಾ? ನಾಲ್ಕು ಇಂಜೆಕ್ಟರ್‌ಗಳಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪ್ ಬಿಚ್ಚಿ ನಾಲ್ಕು ಸಣ್ಣ ಬಾಟಲಿಗೆ ಬಿಡುತ್ತೇವೆ. ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುತ್ತದೆ. ಎಲ್ಲವೂ ಸರಿ ಇದ್ದರೆ ನಾಲ್ಕೂ ಹೆಚ್ಚುಕಡಿಮೆ ಸಮ ತುಂಬುತ್ತವೆ, ಸವೆದ ಇಂಜೆಕ್ಟರ್‌ನದು ಬೇಗ ತುಂಬುತ್ತದೆ. ಹೋದ ವಾರ ಶಿಗ್ಗಾವಿಯ ಗಾಡಿಯೊಂದರಲ್ಲಿ ಮೂರು ಬಾಟಲಿ ಎರಡು ಬೆರಳು ತುಂಬುವಷ್ಟರಲ್ಲಿ ನಾಲ್ಕನೆಯದು ಕತ್ತಿನವರೆಗೆ ಬಂದಿತ್ತು. ಮಾಲೀಕರು ಪಕ್ಕದಲ್ಲೇ ನಿಂತು ನೋಡಿದರು, ಮತ್ತೆ ಒಂದು ಮಾತೂ ಆಡಲಿಲ್ಲ. ಆಮೇಲೆ ತಣ್ಣನೆಯ ಎಂಜಿನ್‌ಗೆ ಬಿಸಿ ಕೊಡುವ ಗ್ಲೋ ಪ್ಲಗ್ ಬಿಚ್ಚಿ, ಆ ತೂತಿನಿಂದ ಕಂಪ್ರೆಷನ್ ನೋಡುತ್ತೇವೆ. ಹಳೆಯ ಗ್ಲೋ ಪ್ಲಗ್ ಒಳಗೇ ಮುರಿದರೆ ಹೆಡ್ ಇಳಿಸಬೇಕು. ಆ ಖರ್ಚು ನಮ್ಮದು, ನಿಮ್ಮ ಬಿಲ್‌ಗೆ ಬರುವುದಿಲ್ಲ. ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್, ಟರ್ಬೊ ಶಾಫ್ಟ್‌ನ ಆಟ, ಕ್ಲಚ್ ಜಾರುತ್ತದಾ, ಎಲ್ಲ ನೋಡಿ, ಕೊನೆಗೆ ಲೋಡ್ ಹಾಕಿ ಓಡಿಸಿ ಬರುತ್ತೇವೆ. ಇಬ್ಬರು ಮೆಕ್ಯಾನಿಕ್‌ಗಳ ಅರ್ಧ ದಿನ ಹೋಗುತ್ತದೆ. ವಾಷರ್, ಫಿಲ್ಟರ್, ಓಡಿಸಿದ ಡೀಸೆಲ್ ಅದರಲ್ಲೇ. ಇದರಲ್ಲಿ ನಮಗೆ ಉಳಿಯುವುದು ಏನೂ ಇಲ್ಲ ಎಂದು ಲೆಕ್ಕದ ಪುಸ್ತಕ ತೆರೆದು ತೋರಿಸಲು ತಯಾರಿದ್ದೇವೆ.

ಆದರೂ ಒಂದು ಮಾತನ್ನು ನಮ್ಮೊಳಗೆ ಕೂತು ಯೋಚಿಸಿದೆವು. ಶುರುವಿನ ಆ ಎರಡು ವರ್ಷ, ಶಾಖ ಅಳೆಯದೆ ಹಾಕಿ ಕೊಟ್ಟೆವಲ್ಲ, ಆ ಗಾಡಿಗಳಿಂದ ಚೆಕಪ್‌ಗೂ ರೊಕ್ಕ ತಗೊಳ್ಳುವುದು ನ್ಯಾಯ ಅಲ್ಲ. ಅವರಿಗೆ ಚೆಕಪ್ ಕೂಡ ಪುಕ್ಕಟೆ. ಈಗಾಗಲೇ 2,400 ಕೊಟ್ಟವರಿದ್ದರೆ ವಾಪಸ್ ತಗೊಂಡು ಹೋಗಿ. ಬಿಲ್ ಕಳೆದುಹೋಗಿದ್ದರೂ ಪರವಾಗಿಲ್ಲ, ನಮ್ಮ ರಿಜಿಸ್ಟರ್‌ನಲ್ಲಿ ಗಾಡಿ ನಂಬರ್ ಇದೆ.

ನಿಮ್ಮ ಒರಿಜಿನಲ್ ಫೈಲ್ ಬಗ್ಗೆ ಚಿಂತೆ ಬೇಡ. ನಾವು ರೀಮ್ಯಾಪ್ ಮಾಡಿದ ಒಂದೊಂದು ಗಾಡಿಯ ಫೈಲನ್ನೂ ಮುಟ್ಟುವ ಮೊದಲು ತೆಗೆದಿಟ್ಟಿದ್ದೇವೆ. ಗಾಡಿ ನಂಬರ್, ತಾರೀಖು ಬರೆದು, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ. ಒಂದು ಅಂಗಡಿಯಲ್ಲಿ, ಒಂದು ಮನೆಯ ತಿಜೋರಿಯಲ್ಲಿ. ಈ ಒಂದು ಕೆಲಸವನ್ನು ಮೊದಲ ದಿನದಿಂದ ಸರಿಯಾಗಿ ಮಾಡಿದ್ದೇವೆ. ಬೇರೆ ಕಡೆ ಮಾಡಿಸಿದವರು ಮಾಡಿದವರನ್ನೇ ಫೈಲ್ ಕೇಳಬೇಕಾಗುತ್ತದೆ. ಬೇರೆಯವರು ಹಾಕಿದ ಬಾಕ್ಸ್ ಆದರೆ ನಾವು ಕಳಚಿ ಕೊಡುತ್ತೇವೆ, ಅದಕ್ಕೂ ಕೂಲಿ ಬೇಡ.

‘ಹಾಗಾದ್ರ ನಮ್ಮ ಗಾಡಿ ಎಳೀಬೇಕು ಅಂದ್ರ ಏನು ಮಾಡೋಣು’ ಎಂದು ಕೇಳಿದವರಿಗೆ: ಎಳೆತ ಇಲ್ಲ ಎಂದು ಬಂದ ಎಷ್ಟೋ ಗಾಡಿಗಳಲ್ಲಿ ನಾವು ಕಂಡದ್ದು ಸೀಳಿದ ಇಂಟರ್‌ಕೂಲರ್ ಹೋಸ್ ಅಥವಾ ನವಲಗುಂದದ ಎರಿ ಮಣ್ಣಿನ ಧೂಳು ಕಟ್ಟಿದ ಏರ್ ಫಿಲ್ಟರ್. ಕ್ಲಿಪ್ ಬಿಗಿ ಮಾಡಿದ್ದಕ್ಕೆ ‘ಏನು ಚಿಪ್ ಹಾಕಿದ್ರಿ’ ಎಂದು ಕೇಳಿದವರಿದ್ದಾರೆ. ಆ ಕೆಲಸ ನಾವು ಮೊದಲೂ ಮಾಡುತ್ತಿದ್ದೆವು, ಮುಂದೂ ಮಾಡುತ್ತೇವೆ.

ಬ್ಯಾಡಗಿ ಮೆಣಸಿನಕಾಯಿ ಸೀಸನ್ ಶುರುವಾದರೆ ನಿಮಗೂ ಪುರಸೊತ್ತು ಇರುವುದಿಲ್ಲ, ಅದಕ್ಕೂ ಮುಂಚೆ ಬನ್ನಿ. ದಿನಕ್ಕೆ ಎರಡು ಗಾಡಿ ಮಾತ್ರ ತಗೊಳ್ಳುತ್ತೇವೆ, ಹಾಗಾಗಿ ಒಂದು ಮಾತು ಹೇಳಿ ಬನ್ನಿ. ಆಗುವುದಾದರೆ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಹೋಗಿ. ಬೆಳಗ್ಗೆ ತಣ್ಣನೆಯ ಎಂಜಿನ್ ಮೊದಲ ಸೆಲ್ಫ್‌ಗೆ ಹೇಗೆ ಏಳುತ್ತದೆ ಎನ್ನುವುದನ್ನು ನಾವೇ ನಿಂತು ಕೇಳಬೇಕು.

ನಿಮ್ಮ,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ
ಗೋಕುಲ ರಸ್ತೆ, ಹುಬ್ಬಳ್ಳಿ