ಡ್ರ್ಯಾಗ್ ರೇಡಿಯಲ್ ಟೈರ್‌ನಲ್ಲಿ ಬರುವವರ ಗಮನಕ್ಕೆ: ಶನಿವಾರ ಮಳೆ

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನದ ಮೇಲೆ ಹ್ಯೂಸ್ಟನ್ ಸುತ್ತ ಮಳೆಯ ಮುನ್ಸೂಚನೆ ಇದೆ. ಹಿಂದಿನ ಚಕ್ರಕ್ಕೆ ಡ್ರ್ಯಾಗ್ ರೇಡಿಯಲ್ (ನೇರ ಓಟದ ಡ್ರ್ಯಾಗ್ ರೇಸ್‌ಗೆಂದು ಮಾಡಿದ ಟೈರ್) ಹಾಕಿಕೊಂಡೇ ಸ್ಟ್ರಿಪ್‌ಗೆ, ಅಂದರೆ ಡ್ರ್ಯಾಗ್ ರೇಸ್ ಟ್ರ್ಯಾಕ್‌ಗೆ, ಬರುವವರು ದಯವಿಟ್ಟು ಪೂರ್ತಿ ಓದಿ.

ಟೈರ್ ಮೇಲೆ ಡಾಟ್ (DOT, ಅಮೆರಿಕದ ಸಾರಿಗೆ ಇಲಾಖೆ) ಗುರುತಿದ್ದರೆ ರಸ್ತೆಗೆ ಕಾನೂನುಬದ್ಧ ಅಷ್ಟೇ, ಮಳೆಗೆ ಯೋಗ್ಯ ಎಂದಲ್ಲ. ಅಗಲ ಹೆಚ್ಚು, ತೋಡುಗಳು ಕಡಿಮೆ, ನೀರು ಹೊರಹೋಗಲು ದಾರಿಯಿಲ್ಲ. ಮುಂದಿನ ಸಾಮಾನ್ಯ ಟೈರ್ ಹಿಡಿತ ಕೊಡುತ್ತಲೇ ಇರುತ್ತದೆ, ಹಿಂಭಾಗ ಮಾತ್ರ ಸುಳಿವಿಲ್ಲದೆ ಜಾರುತ್ತದೆ.

ಎಲ್ಲಕ್ಕಿಂತ ಮುಖ್ಯ ಟೈರ್‌ನೊಳಗಿನ ಗಾಳಿ. ಓಟಕ್ಕೆಂದು 18 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿದ್ದನ್ನು ಹಾಗೇ ಬಿಟ್ಟು ಮನೆಗೆ ಹೊರಡಬೇಡಿ. ಸವೆದ ಟೈರ್ ನಿಂತ ನೀರಿನ ಮೇಲೆ 18 ಪಿಎಸ್‌ಐನಲ್ಲಿ ಗಂಟೆಗೆ ಸುಮಾರು 44 ಮೈಲಿಗೇ ತೇಲಬಹುದು. 32ರಲ್ಲಿ ಸುಮಾರು 58. ಪಂಪ್, ಗೇಜ್ ತನ್ನಿ; ಬಾಗಿಲಿನ ಸ್ಟಿಕರ್‌ನಲ್ಲಿರುವ ಒತ್ತಡಕ್ಕೆ ತುಂಬಿಸಿ.

ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಆನ್, ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ) ಆಫ್. ಮಾಮೂಲಿಗಿಂತ ಒಂದು ಗೇರ್ ಮೇಲಿಟ್ಟೇ ಓಡಿಸಿ. ಹಿಂಚಕ್ರ ಚಾಲನೆಯ ಕಾರಿನಲ್ಲಿ ತಿರುವಿನ ನಡುವೆ ಗೇರ್ ಇಳಿಸುವುದು ಅತ್ಯಂತ ಅಪಾಯಕಾರಿ. ಲಾರಿಗಳ ಭಾರಕ್ಕೆ ಕುಸಿದ ಜಾಡುಗಳಲ್ಲಿ ನೀರು ನಿಲ್ಲುತ್ತದೆ, ತಪ್ಪಿಸಿ.

ಡ್ರ್ಯಾಗ್ ರೇಡಿಯಲ್‌ನ ತೋಡಿನ ಆಳ 2/32 ಇಂಚಿನ ಹತ್ತಿರ ಬಂದಿದ್ದರೆ ಮಾಮೂಲಿ ಟೈರ್‌ನಲ್ಲೇ ಬನ್ನಿ, ರೇಡಿಯಲ್ ಜೋಡಿಯನ್ನು ಸ್ಟ್ರಿಪ್‌ನಲ್ಲೇ ಹಾಕಿಕೊಳ್ಳೋಣ. ಜ್ಯಾಕ್, ಟಾರ್ಕ್ ರೆಂಚ್ ಯಾರ ಬಳಿ ಇದೆ? ಟ್ರೇಲರ್‌ನಲ್ಲಿ ಜಾಗ ಬೇಕಾದವರು ಯಾರು? ಶುಕ್ರವಾರ ಸಂಜೆ 6ರೊಳಗೆ ಇಲ್ಲೇ ಉತ್ತರಿಸಿ.