ಬೀಳದ ಹೋರ್ಡಿಂಗ್ ಕೂಡ ಅಪಾಯವೇ: ಬೆಳಗಾವಿ ನಗರ ಪೊಲೀಸ್ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

2024ರ ಮೇ ತಿಂಗಳಲ್ಲಿ ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಹೋರ್ಡಿಂಗ್ ಮಗುಚಿ 17 ಮಂದಿ ಸತ್ತ ಮೇಲೆ, ಕಂಬ ಗಟ್ಟಿಯಿದೆಯೇ, ಬುನಾದಿ ಸರಿಯಿದೆಯೇ ಎಂಬ ಮಾತು ಎಲ್ಲೆಡೆ ಎದ್ದಿತು. ನನ್ನ ದೂರು ಬೀಳದೆ ಗಟ್ಟಿಯಾಗಿ ನಿಂತವುಗಳ ಮೇಲೆ.

ಊರಿನ ಯಾವುದಾದರೂ ದೊಡ್ಡ ಸರ್ಕಲ್‌ಗೆ ಸಂಜೆ ಏಳರ ಸುಮಾರಿಗೆ ಒಮ್ಮೆ ಬನ್ನಿ. ಸರ್ಕಾರಿ ಕಾರು ಬೇಡ, ಬೈಕ್ ಮೇಲೆ ಬನ್ನಿ. ಎದುರಿಗೊಂದು ಎಲ್‌ಇಡಿ ಪರದೆ ಇದ್ದರೆ ಸೀರೆ ಹೋಗಿ ಬಂಗಾರ, ಬಂಗಾರ ಹೋಗಿ ಕೋಚಿಂಗ್ ಕ್ಲಾಸ್ ಬರುತ್ತದೆ. ಮುಂದಿನದು ಏನೆಂದು ಕಣ್ಣು ಅಲ್ಲೇ ಕಾಯುತ್ತದೆ. ನಮ್ಮ ಜುಲೈ ಮಳೆಯಲ್ಲಂತೂ ಹೆಲ್ಮೆಟ್ ಗಾಜಿನ ಒಂದೊಂದು ಹನಿಯಲ್ಲೂ ಆ ಬೆಳಕು ಹರಡಿ, ಸಿಗ್ನಲ್‌ನ ಕೆಂಪು ಯಾವುದು, ಅಂಗಡಿಯ ಕೆಂಪು ಯಾವುದು ಎಂದು ತಡಕಾಡಬೇಕು.

ಹುಟ್ಟುಹಬ್ಬದ ಫ್ಲೆಕ್ಸ್ ಇನ್ನೂ ಕೆಟ್ಟದ್ದು. ನಾಯಕರ ದೊಡ್ಡ ಮುಖವನ್ನು ಯಾರೂ ನೋಡುವುದಿಲ್ಲ, ಅದು ಗೊತ್ತಿದ್ದದ್ದೇ. ಕೆಳಗೆ ‘ಶುಭ ಕೋರುವವರು’ ಎಂದು ಅಂಚೆಚೀಟಿ ಗಾತ್ರದ ಮುಖಗಳ ಸಾಲಿರುತ್ತದಲ್ಲ, ಅದರಲ್ಲಿ ನಮ್ಮ ಗಲ್ಲಿಯವರು ಯಾರಿದ್ದಾರೆ ಎಂದು ಹುಡುಕುತ್ತೇವೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಎಂದರೆ 22 ಮೀಟರ್. ಅಮೆರಿಕದಲ್ಲಿ 100 ಕಾರುಗಳಿಗೆ ಕ್ಯಾಮೆರಾ ಹಾಕಿ ನಡೆಸಿದ ಅಧ್ಯಯನವೊಂದು, ಕಣ್ಣು 2 ಸೆಕೆಂಡ್‌ಗಿಂತ ಹೆಚ್ಚು ರಸ್ತೆ ಬಿಟ್ಟರೆ ಅಪಘಾತದ ಸಂಭವ ಕನಿಷ್ಠ ದುಪ್ಪಟ್ಟಾಗುತ್ತದೆ ಎಂದು 2006ರಲ್ಲೇ ಹೇಳಿದೆ. ಅದೇ ಫ್ಲೆಕ್ಸನ್ನು ಡಿವೈಡರ್ ಮೇಲೆ ಆಳೆತ್ತರಕ್ಕೆ ಕಟ್ಟಿದ್ದರೆ, ಅದರ ಹಿಂದಿನಿಂದ ರಸ್ತೆ ದಾಟಲು ಹೊರಟ ಹುಡುಗಿ ಕಾಣುವುದು ಬ್ರೇಕಿಗೆ ಕಾಲು ಹೋಗುವ ಹೊತ್ತು ಮೀರಿದ ಮೇಲೆ.

‘ಸವಾರರು ಆ ಕಡೆ ನೋಡಬಾರದು’ ಎನ್ನುವವರಿದ್ದಾರೆ. ಇದಕ್ಕೆ ಆಟೋ ಚಾಲಕರೊಬ್ಬರು ನನಗೆ ಕೊಟ್ಟ ಉತ್ತರ: ‘ನೋಡಬ್ಯಾಡ್ರಿ ಅಂದ್ರ ಹಚ್ಚಿದ್ದರ ಯಾಕ್ರೀ?’ ಜಾಹೀರಾತು ಗೆದ್ದಿತು ಎಂದರೆ ಕಣ್ಣು ರಸ್ತೆ ಬಿಟ್ಟಿತು ಎಂದೇ ಲೆಕ್ಕ. ಆ ಗೆಲುವಿಗೇ ಸರ್ಕಲ್‌ನ ಜಾಗಕ್ಕೆ ಅಷ್ಟು ಬೇಡಿಕೆ.

ನಿಯಮಗಳಿಗೇನೂ ಬರವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಪಕ್ಷವಲ್ಲ, ಎಂಜಿನಿಯರುಗಳ ಸಂಸ್ಥೆ) 1972ರಲ್ಲೇ ರಸ್ತೆಬದಿ ಜಾಹೀರಾತಿಗೆ ಮಾರ್ಗಸೂಚಿ ಬರೆದಿದೆ: ಕೂಡುರಸ್ತೆಯಿಂದ 100 ಮೀಟರ್, ನಗರದಲ್ಲಾದರೆ 50 ಮೀಟರ್ ಒಳಗೆ ಫಲಕ ಬೇಡ, ಸಂಚಾರ ಫಲಕದಿಂದಲೂ 50 ಮೀಟರ್ ದೂರವಿರಲಿ. ದೆಹಲಿಯ ರಸ್ತೆಬದಿಯಲ್ಲಿ ಸಂಚಾರಕ್ಕೆ ಅಪಾಯವಾಗುವ ಹೋರ್ಡಿಂಗ್‌ಗಳನ್ನು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 1997ರ ನವೆಂಬರ್‌ನಲ್ಲಿ. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ. ಅದು ಎಷ್ಟು ಜಾರಿಯಲ್ಲಿದೆ ಎಂದು ತಿಳಿಯಲು ಕಿಟಕಿ ತೆರೆದರೆ ಸಾಕು.

ಪಾಲಿಕೆಯನ್ನು ಬಿಟ್ಟು ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಪಾಲಿಕೆಗೆ ಇದು ಶುಲ್ಕದ ವಿಷಯ, ಅನುಮತಿ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅನುಮತಿ ಪಡೆದ ಫಲಕವೂ ಕಣ್ಣು ಸೆಳೆಯುತ್ತದೆ. ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ನೋಡಿ. ಸಂಚಾರ ಫಲಕವನ್ನು ಮರೆಮಾಡುವ, ಅದರಂತೆಯೇ ಕಂಡು ದಾರಿ ತಪ್ಪಿಸುವ, ಇಲ್ಲವೇ ಚಾಲಕನ ಗಮನ ಸೆಳೆಯುವ ಜಾಹೀರಾತನ್ನು ತೆಗೆಸುವ ಅಧಿಕಾರವನ್ನು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಸರ್ಕಾರ ಅಧಿಸೂಚನೆಯ ಮೂಲಕ ಕೊಡಬಹುದು. ಅಧಿಸೂಚನೆ ಇದ್ದರೆ ಬಳಸಿ. ಇಲ್ಲದಿದ್ದರೆ ತರಿಸಿಕೊಳ್ಳಿ, ಅಧಿವೇಶನಕ್ಕೆಂದು ಇಡೀ ಸರ್ಕಾರವೇ ಹಲಗಾದ ಸುವರ್ಣ ವಿಧಾನಸೌಧಕ್ಕೆ ಬಂದಾಗ ಬೆಂಗಳೂರಿಗೆ ಕಡತ ಕಳಿಸುವ ಕೆಲಸವೂ ಇರುವುದಿಲ್ಲ.

ಊರನ್ನೆಲ್ಲ ಬೋಳಿಸಿ ಎಂದು ಕೇಳುತ್ತಿಲ್ಲ. ಅಂಗಡಿ ಮೇಲಿನ ಅಂಗಡಿ ಹೆಸರು ಇರಲಿ. ನಿಮ್ಮ ಸಂಚಾರ ಸಿಬ್ಬಂದಿ ಟೇಪು ಹಿಡಿದು ಸಿಗ್ನಲ್ ಇರುವ ಸರ್ಕಲ್‌ಗಳಲ್ಲಿ 50 ಮೀಟರ್ ಅಳೆಯಲಿ, ಒಳಗಿದ್ದದ್ದು ಹೋಗಲಿ. ತೆಗೆಸುವಾಗ ಅಧಿವೇಶನಕ್ಕೆ ಸ್ವಾಗತ ಕೋರುವ ಕಟೌಟ್‌ಗಳಿಂದ ಶುರು ಮಾಡಿ. ಕೋಚಿಂಗ್ ಕ್ಲಾಸಿನವನ ಬೋರ್ಡು ಮೊದಲು ಕಿತ್ತು ಶಾಸಕರದನ್ನು ಬಿಟ್ಟರೆ, ಮರುದಿನವೇ ಅವನೂ ಶಾಸಕರ ಫೋಟೊ ಸೇರಿಸಿ ಹೊಸದು ಕಟ್ಟುತ್ತಾನೆ.

ಇಂತಿ,
ಟಿಳಕವಾಡಿಯ ಒಬ್ಬ ಬೈಕ್ ಸವಾರ